ಸಸಿ ಎಷ್ಟು ಎನ್ನುವ ಮೊದಲು, ಬೀಜ ಯಾವ ಮರದ್ದು?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ. ಭಾಷಣಕಾರರು 2004–05ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡದವರು, ಬಿ.ಇ. ಪದವೀಧರರು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)



ನಮ್ಮ ಶಾಲೆಗೆ ಐವತ್ತು ತುಂಬಿದ ನೆನಪಿಗೆ ಶಾಲೆಯ ಹಿಂದಿನ ಗುಡ್ಡದ ಇಳಿಜಾರಿನಲ್ಲಿ ಸಾವಿರ ಸಸಿ ನೆಡಬೇಕು ಎಂದು ಸಮಿತಿಯವರು ತೀರ್ಮಾನಿಸಿದ್ದಾರೆ. ಬಹಳ ಸಂತೋಷದ ವಿಷಯ. ಹಳೆಯ ವಿದ್ಯಾರ್ಥಿಗಳ ಪರವಾಗಿ ನಾಲ್ಕು ಮಾತಾಡು ಎಂದು ಗುರುಗಳು ಹೇಳಿದಾಗ, ಕಂಪ್ಯೂಟರ್ ವಿಷಯ ಬಿಟ್ಟು ಈ ಸಾವಿರ ಸಸಿಯ ವಿಷಯವನ್ನೇ ಮಾತಾಡುತ್ತೇನೆ ಎಂದು ಕೇಳಿಕೊಂಡೆ. ಕೆಲವು ವರ್ಷಗಳಿಂದ ರಜೆಯ ದಿನಗಳಲ್ಲಿ ಗೆಳೆಯರ ಜೊತೆ ಸೇರಿ ಕಾಡುಮರಗಳ ಬೀಜ ಆರಿಸುವ ಹವ್ಯಾಸ ಬೆಳೆಸಿಕೊಂಡಿದ್ದೇನೆ. ಅದರಲ್ಲಿ ಕಂಡದ್ದು, ಅದಕ್ಕಾಗಿ ಓದಿದ್ದು ಎರಡನ್ನೂ ಸೇರಿಸಿ ಹೇಳುತ್ತೇನೆ.

ನನ್ನ ಮಾತಿನ ತಿರುಳು ಇಷ್ಟೆ. ಸಸಿ ಎಷ್ಟು ನೆಟ್ಟೆವು ಎಂಬುದರ ಲೆಕ್ಕ ಎಲ್ಲರೂ ಇಡುತ್ತಾರೆ. ಆ ಸಸಿಯ ಬೀಜ ಯಾವ ಸೀಮೆಯದು, ಎಷ್ಟು ತಾಯಿಮರಗಳಿಂದ ಬಂದದ್ದು ಎಂದು ಕೇಳುವವರು ಕಡಿಮೆ. ಐವತ್ತು ವರ್ಷ ಕಳೆದ ಮೇಲೆ ಆ ಗುಡ್ಡದಲ್ಲಿ ಮರ ಉಳಿಯುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ.

“ಹೊಂಗೆ ಎಂದರೆ ಹೊಂಗೆ, ಅದರಲ್ಲಿ ಯಾವ ಸೀಮೆ?” ಎಂದು ಹಿರಿಯರು ಕೇಳಬಹುದು. ನಮ್ಮ ಸಿರಾ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಆರುನೂರು ಮಿಲಿಮೀಟರ್ ಆಸುಪಾಸು. ಮಂಗಳೂರಿನ ಕಡೆ ಹೊಳೆದಂಡೆಯಲ್ಲೂ ಹೊಂಗೆ ಬೆಳೆಯುತ್ತದೆ. ಅಲ್ಲಿ ಬೀಳುವ ಮಳೆ ನಮ್ಮ ಐದಾರು ಪಟ್ಟು. ಎಲೆ ಒಂದೇ, ಹೂ ಒಂದೇ, ಹೆಸರೂ ಒಂದೇ. ಆದರೆ ನಮ್ಮ ಹೊಂಗೆಯ ತಾತ ಮುತ್ತಾತಂದಿರು ಬರಗಾಲಗಳ ಜರಡಿಯಲ್ಲಿ ಸೋಸಿ ಉಳಿದವರು. ಬರ ತಡೆಯದವು ಸತ್ತವು, ತಡೆದವು ಬೀಜ ಬಿಟ್ಟವು. ಹೊಳೆದಂಡೆಯ ಹೊಂಗೆಗೆ ಆ ಪರೀಕ್ಷೆ ಬಂದಿಲ್ಲ, ಅದಕ್ಕೆ ಬಂದ ಪರೀಕ್ಷೆ ಬೇರೆ.

ಇದು ನನ್ನ ಊಹೆಯ ಮಾತಲ್ಲ. ಸ್ವೀಡನ್ ದೇಶದ ಸಸ್ಯಶಾಸ್ತ್ರಜ್ಞ ಗೋಟೆ ಟುರೆಸನ್ ಎಂಬುವರು ಸುಮಾರು ನೂರು ವರ್ಷದ ಹಿಂದೆ ಒಂದು ಕೆಲಸ ಮಾಡಿದರು. ಒಂದೇ ಜಾತಿಯ ಗಿಡಗಳನ್ನು ಕಡಲ ತೀರದಿಂದ, ಒಳನಾಡಿನಿಂದ, ಬೇರೆ ಬೇರೆ ಜಾಗಗಳಿಂದ ತಂದು ಒಂದೇ ತೋಟದ ಒಂದೇ ಮಣ್ಣಿನಲ್ಲಿ ಬೆಳೆಸಿದರು. ಮಣ್ಣು ನೀರು ಒಂದೇ ಆದರೂ ಅನೇಕ ಗಿಡಗಳು ತಮ್ಮ ತಮ್ಮ ಊರಿನ ಗುಣ ಬಿಡಲಿಲ್ಲ. ತೀರದಲ್ಲಿ ನೆಲಕ್ಕೆ ಒರಗಿ ಬೆಳೆಯುತ್ತಿದ್ದದ್ದು ತೋಟದಲ್ಲೂ ಒರಗಿಯೇ ಬೆಳೆಯಿತು. ಅಂದರೆ ಆ ಗುಣ ಬೀಜದ ಒಳಗೇ ಇದೆ. ಒಂದೇ ಜಾತಿಯೊಳಗಿನ ಇಂಥ ಸೀಮೆವಾರು ಬಗೆಗಳಿಗೆ 1922ರಲ್ಲಿ ಅವರು ‘ಇಕೋಟೈಪ್’ ಎಂದು ಹೆಸರಿಟ್ಟರು.

ಮುಂದೆ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕ್ಲಾಸೆನ್, ಕೆಕ್, ಹೀಸಿ ಎಂಬ ಮೂವರು ವಿಜ್ಞಾನಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಯಲಿನಲ್ಲಿ ಒಂದು, ಬೆಟ್ಟದ ನಡುವೆ ಒಂದು, ಮೂರು ಸಾವಿರ ಮೀಟರ್ ಎತ್ತರದ ಹಿಮದ ಜಾಗದಲ್ಲಿ ಒಂದು, ಹೀಗೆ ಮೂರು ತೋಟ ಮಾಡಿದರು. ಒಂದೇ ಗಿಡವನ್ನು ಸೀಳಿ, ತುಂಡುಗಳನ್ನು ಮೂರೂ ತೋಟಗಳಲ್ಲಿ ನೆಟ್ಟರು. ಕರಾವಳಿಯಿಂದ ತಂದ ಗಿಡಗಳು ಎತ್ತರದ ತೋಟದಲ್ಲಿ ಬದುಕಲಿಲ್ಲ. ಎತ್ತರದ ಗಿಡಗಳು ಬಯಲಿನ ಬೆಚ್ಚನೆಯ ತೋಟಕ್ಕೆ ಬಂದರೂ ಗಿಡ್ಡಾಗಿಯೇ ಉಳಿದವು. ಅವರ ಬರಹಗಳು 1940ರ ದಶಕದಲ್ಲಿ ಪ್ರಕಟವಾದವು. ಹಾಳಾದ ಕಾಡನ್ನು, ಹುಲ್ಲುಗಾವಲನ್ನು ಮತ್ತೆ ಕಟ್ಟುವವರು ಇವತ್ತಿಗೂ “ಬೀಜ ಎಲ್ಲಿಯದು?” ಎಂದು ಮೊದಲು ಕೇಳುವುದರ ಹಿಂದೆ ಇಂಥ ಪ್ರಯೋಗಗಳಿವೆ.

ಇದು ಸೀಮೆಯ ಮಾತಾಯಿತು. ಇನ್ನು ತಾಯಿಮರಗಳ ಸಂಖ್ಯೆಯ ಮಾತು.

ನಮ್ಮೂರಿನ ಹುಣಸೆ ತೋಪು ನೋಡಿ. ಒಂದು ಮರದ ಹಣ್ಣು ಹುಳಿ, ಪಕ್ಕದ್ದು ಸ್ವಲ್ಪ ಸಿಹಿ. ಒಂದರದ್ದು ಉದ್ದನೆಯ ಕಾಯಿ, ಇನ್ನೊಂದರದ್ದು ಗಿಡ್ಡ. ಹುಣಸೆಹಣ್ಣು ಬಡಿಯುವ ಅಜ್ಜಿಯರಿಗೆ ಯಾವ ಮರದ ಹಣ್ಣು ಎಂದು ಬಾಯಿಗಿಟ್ಟರೆ ಗೊತ್ತಾಗುತ್ತದೆ. ಮಲೆನಾಡಿನವರು ಅಪ್ಪೆಮಿಡಿಯ ಒಂದೊಂದು ಮರಕ್ಕೂ ಒಂದೊಂದು ಹೆಸರಿಟ್ಟಿದ್ದಾರೆ. ಪುಸ್ತಕದಲ್ಲಿ ‘ತಳಿ ವೈವಿಧ್ಯ’ ಎನ್ನುವುದು ಇದಕ್ಕೇ. ಹುಳಿ ಸಿಹಿ ನಮ್ಮ ನಾಲಿಗೆಗೆ ತಿಳಿಯುವ ಭೇದ. ಬೇರು ಎಷ್ಟು ಆಳಕ್ಕೆ ಇಳಿಯುತ್ತದೆ, ಯಾವ ರೋಗವನ್ನು ತಡೆಯುತ್ತದೆ, ಬೇಸಿಗೆಯಲ್ಲಿ ಎಲೆ ಯಾವಾಗ ಉದುರಿಸುತ್ತದೆ ಎಂಬಂಥ ಕಣ್ಣಿಗೆ ಬೀಳದ ಭೇದಗಳೂ ಮರದಿಂದ ಮರಕ್ಕೆ ಇವೆ.

ಈ ಭೇದ ಎಂಥ ಬಂಡವಾಳ ಎಂಬುದನ್ನು ರಾಗಿ ಉಣ್ಣುವ ನಮಗೆ ಬೇರೆಯವರು ಹೇಳಬೇಕಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ದುಡಿದ ರಾಗಿ ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾದ ರಾಗಿಯನ್ನು ಕೂಡಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾದ ‘ಇಂಡ್’, ಆಫ್ರಿಕಾದ ‘ಆಫ್’ ಸೇರಿ ಇಂಡಾಫ್. ಎರಡು ಕಡೆಯ ರಾಗಿಯಲ್ಲಿ ಭೇದ ಇದ್ದದ್ದರಿಂದಲೇ ಅದು ಸಾಧ್ಯವಾಯಿತು. ಹೊಲದಲ್ಲಿ ಈ ಆಯ್ಕೆಯ ಕೆಲಸವನ್ನು ಮನುಷ್ಯ ಮಾಡುತ್ತಾನೆ. ಗುಡ್ಡದಲ್ಲಿ ಬರ, ಬೆಂಕಿ, ಕೀಟ, ಕುರಿ ಇವೆಲ್ಲ ಸೇರಿ ಮಾಡುತ್ತವೆ. ಆಯ್ದುಕೊಳ್ಳಲು ಭೇದವೇ ಇಲ್ಲದಿದ್ದರೆ ಆಯ್ಕೆ ಎಲ್ಲಿಂದ ಬಂತು?

ಈಗ ನರ್ಸರಿಗೆ ಬೀಜ ಹೇಗೆ ಬರುತ್ತದೆ ಎಂದು ಯೋಚಿಸಿ. ಕಿಲೋ ಲೆಕ್ಕದಲ್ಲಿ ಕೂಲಿ ಕೊಟ್ಟರೆ ಯಾರೇ ಆದರೂ ಹತ್ತಿರದ, ಕಾಯಿ ಹೆಚ್ಚು ಬಿಟ್ಟ ಒಂದೆರಡು ಮರದಡಿಯಲ್ಲೇ ಚೀಲ ತುಂಬಿಸುತ್ತಾರೆ. ಅದು ಕೂಲಿಯವರ ತಪ್ಪಲ್ಲ, ಲೆಕ್ಕ ಹಾಗಿದೆ. ಆ ಚೀಲದಿಂದ ಎದ್ದ ಸಾವಿರ ಸಸಿ ನೋಡಲು ಸಾವಿರ. ಒಳಗೆ ಒಂದೆರಡು ತಾಯಿಯ ಮಕ್ಕಳು, ಎಲ್ಲ ಒಡಹುಟ್ಟಿದವು.

ಇದರ ತೊಂದರೆ ತಕ್ಷಣ ಕಾಣುವುದಿಲ್ಲ. ಮೊದಲ ಹತ್ತು ವರ್ಷ ಹಸಿರಾಗಿಯೇ ಇರುತ್ತದೆ. ಆಮೇಲೆ ಮರ ಹೂ ಬಿಟ್ಟಾಗ ಜೇನ್ನೊಣ ಒಡಹುಟ್ಟಿದ ಮರಗಳ ನಡುವೆಯೇ ಪರಾಗ ಸಾಗಿಸುತ್ತದೆ. ಅಲ್ಲಿ ಹುಟ್ಟುವ ಬೀಜ ಸೊರಗುತ್ತದೆ. ನಮ್ಮ ಕುರಿಗಾಹಿಗಳಿಗೆ ಇದು ಚೆನ್ನಾಗಿ ಗೊತ್ತು. ಒಂದೇ ಟಗರನ್ನು ಅದೇ ಹಿಂಡಿನಲ್ಲಿ ವರ್ಷಗಟ್ಟಲೆ ಬಿಟ್ಟರೆ ಮರಿಗಳು ಕುಗ್ಗುತ್ತವೆ ಎಂದು ಟಗರು ಬದಲಾಯಿಸುತ್ತಾರೆ. ಹಿಂಡಿಗೆ ತೋರುವ ಈ ಜಾಣತನವನ್ನು ನಾವು ಗುಡ್ಡಕ್ಕೆ ತೋರುತ್ತಿಲ್ಲ.

ಎರಡನೆಯ ತೊಂದರೆ ರೋಗದ್ದು. ನಮ್ಮ ಬಯಲುಸೀಮೆಗೆ ಚೆನ್ನಾಗಿ ಪರಿಚಯವಿರುವ ನೀಲಗಿರಿಯ ಕತೆ ಕೇಳಿ. 1790ರ ಸುಮಾರಿನಲ್ಲಿ, ಟಿಪ್ಪು ಸುಲ್ತಾನನ ಕಾಲದಲ್ಲಿ, ನಂದಿಬೆಟ್ಟದಲ್ಲಿ ಆಸ್ಟ್ರೇಲಿಯಾದ ನೀಲಗಿರಿ ಮರಗಳನ್ನು ನೆಡಲಾಯಿತು ಎಂದು ಅರಣ್ಯ ಇಲಾಖೆಯ ಪುಸ್ತಕಗಳು ಹೇಳುತ್ತವೆ. ಆ ಬೆಟ್ಟದ ಮರಗಳ ಸಂತತಿಯೇ ‘ಮೈಸೂರು ಗಮ್’ ಎಂಬ ಹೆಸರಿನಲ್ಲಿ ದೇಶದ ಎಷ್ಟೋ ಕಡೆ ಹಬ್ಬಿತು. ಆಸ್ಟ್ರೇಲಿಯಾದಲ್ಲಿ ಆ ಮರಕ್ಕಿರುವ ವಿಶಾಲ ವೈವಿಧ್ಯದ ಒಂದು ಚೂರು ಮಾತ್ರ ನಮಗೆ ಬಂದಿತ್ತು. ಹೆಚ್ಚು ಮಳೆಯ ಕೇರಳದಲ್ಲಿ ಅದನ್ನು ದೊಡ್ಡ ಪ್ರಮಾಣದಲ್ಲಿ ನೆಟ್ಟಾಗ ಗುಲಾಬಿ ರೋಗ ಎಂಬ ಶಿಲೀಂಧ್ರ ರೋಗ ಬಿದ್ದು ತೋಪು ತೋಪುಗಳೇ ಹಾಳಾದವು. ಬೀಜದ ಬುಡ ಕಿರಿದಾಗಿದ್ದು, ನೆಟ್ಟ ಜಾಗ ಅದಕ್ಕೆ ಒಗ್ಗದಿದ್ದರೆ ಎಷ್ಟು ಲಕ್ಷ ಸಸಿ ನೆಟ್ಟರೂ ಕೈಗೆ ಸಿಗುವುದಿಲ್ಲ ಎಂಬುದಕ್ಕೆ ಇದೊಂದು ಪಾಠ.

ಹಾಗಾದರೆ ಎಷ್ಟು ತಾಯಿಮರ ಬೇಕು? ನನ್ನ ಕಸುಬು ಲೆಕ್ಕದ್ದು, ಆದ್ದರಿಂದ ಇದನ್ನು ಲೆಕ್ಕದಲ್ಲೇ ಹೇಳುತ್ತೇನೆ. ಹತ್ತನೇ ತರಗತಿಯ ಮಕ್ಕಳು ಸಂಭವನೀಯತೆಯ ಪಾಠ ನೆನಪಿಸಿಕೊಳ್ಳಿ. ಪ್ರತಿ ಮರದಲ್ಲೂ ಒಂದೊಂದು ವಂಶವಾಹಿಯ ಎರಡೆರಡು ಪ್ರತಿ ಇರುತ್ತವೆ. ಬರ ತಡೆಯಲು ನೆರವಾಗುವ ವಂಶವಾಹಿಯ ಒಂದು ರೂಪ, ನೂರು ಪ್ರತಿಗಳಲ್ಲಿ ಐದರಲ್ಲಿ ಮಾತ್ರ ಇದೆ ಎಂದುಕೊಳ್ಳಿ. ಒಂದೇ ಮರದ ಬೀಜ ತಂದರೆ ಆ ತಾಯಿಯಲ್ಲಿ ಅದು ಇರುವ ಸಾಧ್ಯತೆ ನೂರಕ್ಕೆ ಸುಮಾರು 10. ಐದು ಮರದಿಂದ ತಂದರೆ 40. ಹದಿನೈದು ಮರದಿಂದ 79. ಮೂವತ್ತು ಮರದಿಂದ ತಂದರೆ 95. ಅಲ್ಲಿಂದ ಅರವತ್ತಕ್ಕೆ ಏರಿಸಿದರೆ 99 ದಾಟುತ್ತದೆ, ಅಷ್ಟೆ. ಮೊದಲ ಮೂವತ್ತು ಮರದಲ್ಲೇ ಹೆಚ್ಚಿನ ಲಾಭ ಸಿಕ್ಕಿರುತ್ತದೆ. 0.95 ಅನ್ನು ಅಷ್ಟು ಸಲ ಗುಣಿಸಿ, ಬಂದದ್ದನ್ನು 1ರಿಂದ ಕಳೆದರೆ ಈ ಉತ್ತರ ಬರುತ್ತದೆ. ಮರಕ್ಕೆ ಎರಡು ಪ್ರತಿ ಇರುವುದರಿಂದ ಮೂವತ್ತು ಮರಕ್ಕೆ ಅರವತ್ತು ಸಲ. ಮಕ್ಕಳು ಮನೆಗೆ ಹೋಗಿ ಮಾಡಿ ನೋಡಿ. ಬೀಜ ಸಂಗ್ರಹಿಸುವವರು ಒಂದು ಜಾತಿಗೆ ಕನಿಷ್ಠ ಮೂವತ್ತರಿಂದ ಐವತ್ತು ಗಿಡ ಎನ್ನುವುದು ಇಂಥ ಲೆಕ್ಕದಿಂದಲೇ.

ಇಲ್ಲೊಂದು ಮಾತು ಸೇರಿಸಬೇಕು. ತೋಟದ ರೀತಿ ಬೇರೆ, ಕಾಡಿನ ರೀತಿ ಬೇರೆ. ನಮ್ಮ ಜಿಲ್ಲೆಯ ಚೇಳೂರಿನ ‘ಸಿದ್ದು’ ಹಲಸು ಹೆಸರಾದದ್ದು ಒಂದೇ ಒಂದು ಮರದಿಂದ. ಅದರ ಕೆಂಪು ತೊಳೆ ಬೇಕೆಂದರೆ ಅದೇ ಮರದ ಕಸಿ ಗಿಡವೇ ಬೇಕು. ತೋಟದವರಿಗೆ ಎಲ್ಲ ಗಿಡವೂ ಒಂದೇ ಸಮ ಇರುವುದು ಲಾಭ, ನೀರು ಗೊಬ್ಬರ ಔಷಧಿಗೆ ಅವರಿದ್ದಾರೆ. ಗುಡ್ಡದ ಮರಕ್ಕೆ ಯಾರೂ ಇಲ್ಲ. ಅಲ್ಲಿ ಒಂದೇ ಸಮ ಇರುವುದೇ ಅಪಾಯ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿದ ಬುದ್ಧಿಯೇ ಇಲ್ಲೂ ಬೇಕು. ಒಂದು ಹೋದರೆ ಇನ್ನೊಂದು ಕೈ ಹಿಡಿಯಬೇಕು.

ಇನ್ನು ಬೀಜ ಆರಿಸುವ ಕ್ರಮ. ಇದು ಮಕ್ಕಳೂ ಮಾಡಬಹುದಾದ ಕೆಲಸ.

ಮೊದಲನೆಯದು, ಒಂಟಿ ಮರದ ಬೀಜಕ್ಕೆ ಆಸೆಪಡಬೇಡಿ. ಹತ್ತಿರದಲ್ಲಿ ಅದೇ ಜಾತಿಯ ಮರವಿಲ್ಲದಿದ್ದರೆ ಅದರ ಬೀಜ ಬಹಳ ಸಲ ತನ್ನದೇ ಪರಾಗದಿಂದ ಆದದ್ದು, ಸಸಿ ಬಡಕಲಾಗುತ್ತದೆ. ಒಂದು ತಾಯಿಮರಕ್ಕೂ ಇನ್ನೊಂದಕ್ಕೂ ನೂರು ಮೀಟರ್ ಆದರೂ ಅಂತರ ಇರಲಿ, ಪಕ್ಕಪಕ್ಕದ ಮರಗಳು ಬಂಧುಗಳಿರಬಹುದು. ಎಲ್ಲ ಮರದಿಂದಲೂ ಹೆಚ್ಚುಕಡಿಮೆ ಸಮನಾಗಿ ತೆಗೆಯಿರಿ. ಒಂದರಿಂದ ಎರಡು ಚೀಲ, ಉಳಿದವುಗಳಿಂದ ಒಂದೊಂದು ಹಿಡಿ ತೆಗೆದರೆ ಮೂವತ್ತು ಮರ ಎಂದು ಬರೆದುಕೊಂಡದ್ದು ಹೆಸರಿಗೆ ಮಾತ್ರ.

ಎರಡನೆಯದು, ನೆಟ್ಟಗಿರುವ ಚಂದದ ಮರಗಳನ್ನೇ ಹುಡುಕಬೇಡಿ. ದಿಮ್ಮಿಗೆ ಅದು ಸರಿ. ಗುಡ್ಡ ಕಟ್ಟಲು ಕಲ್ಲಿನ ಸಂದಿಯಲ್ಲಿ ಗಿಡ್ಡಾಗಿ ನಿಂತು ನೂರು ವರ್ಷ ಬದುಕಿದ್ದೂ ಬೇಕು. ಒಂದೇ ದಿನ ಎಲ್ಲ ಮುಗಿಸಬೇಡಿ. ಬೇಗ ಹಣ್ಣಾಗುವುದೂ ತಡವಾಗಿ ಹಣ್ಣಾಗುವುದೂ ಎರಡೂ ಇರಲಿ ಎಂದು ಎರಡು ಮೂರು ಸಲ ಹೋಗಿ.

ಮೂರನೆಯದು, ಮರದಲ್ಲಿರುವುದನ್ನೆಲ್ಲ ಬಳಿಯಬೇಡಿ. ಮಾಗಿದ ಬೀಜದಲ್ಲಿ ಐದರಲ್ಲೊಂದು ಪಾಲು ಸಾಕು. ಉಳಿದದ್ದು ಹಕ್ಕಿಗೆ, ಇರುವೆಗೆ, ಆ ಮರದಡಿಯಲ್ಲೇ ಹುಟ್ಟಬೇಕಾದ ಸಸಿಗೆ. ಅಭಯಾರಣ್ಯದೊಳಗೆ ಅನುಮತಿಯಿಲ್ಲದೆ ಒಂದು ಕಾಯಿಯನ್ನೂ ಎತ್ತುವಂತಿಲ್ಲ. ನಮ್ಮ ಬುಕ್ಕಾಪಟ್ಟಣದ ಕಡೆಯ ಕಾಡು 2019ರಲ್ಲಿ ಚಿಂಕಾರ ಅಭಯಾರಣ್ಯವಾಗಿದೆ ಎಂಬುದು ನೆನಪಿರಲಿ.

ನಾಲ್ಕನೆಯದು, ಕಾಲ. ಹುಣಸೆ, ಹೊಂಗೆ ಬೇಸಿಗೆಯಲ್ಲಿ ಸಿಗುತ್ತವೆ. ಕಮರ ಏಪ್ರಿಲ್, ಮೇನಲ್ಲಿ. ಮುತ್ತುಗ ಮಳೆಗೆ ಸ್ವಲ್ಪ ಮೊದಲು. ನೇರಳೆ, ಬೇವು ಮುಂಗಾರಿನ ಜೊತೆಗೇ. ಬೇವಿನ ಬೀಜವನ್ನು ಎರಡು ಮೂರು ವಾರದೊಳಗೆ ಬಿತ್ತಬೇಕು, ಡಬ್ಬಿಯಲ್ಲಿ ತುಂಬಿಟ್ಟು ಮುಂದಿನ ವರ್ಷ ತೆಗೆದರೆ ಸತ್ತಿರುತ್ತದೆ. ನೇರಳೆಯೂ ಹಾಗೆಯೇ. ಕಕ್ಕೆಯ ಬೀಜ ಇದಕ್ಕೆ ತದ್ವಿರುದ್ಧ. ಸಿಪ್ಪೆ ಗಟ್ಟಿ, ವರ್ಷಗಟ್ಟಲೆ ಇಡಬಹುದು, ಆದರೆ ಕುದಿನೀರಿನ ಉಪಚಾರ ಮಾಡದೆ ಮೊಳೆಯಲು ಬಹಳ ಸತಾಯಿಸುತ್ತದೆ. ದಿಂಡಿಗದ ಬೀಜದಲ್ಲಿ ಬಹುಪಾಲು ಜಳ್ಳು, ಕೆಲವನ್ನು ಕತ್ತರಿಸಿ ನೋಡಿಯೇ ಎಷ್ಟು ಬೇಕೆಂದು ಅಂದಾಜು ಮಾಡಬೇಕು. ಎಲ್ಲ ಬೀಜವನ್ನೂ ಒಂದೇ ದಿನ ಮಣ್ಣಿನ ಉಂಡೆ ಮಾಡಿ ಎಸೆದರೆ ಏನಾಗುತ್ತದೆ ಎಂಬುದನ್ನು ಇದರಿಂದ ನೀವೇ ಊಹಿಸಬಹುದು. ಬೀಜದುಂಡೆಯನ್ನು ನಾನು ಬೈಯುತ್ತಿಲ್ಲ. ಉಂಡೆಯೊಳಗಿನ ಬೀಜ ಯಾವುದು, ಯಾವಾಗಿನದು, ಎಷ್ಟು ತಾಯಿಯದು ಎಂಬುದು ಉಂಡೆಗಿಂತ ಮುಖ್ಯ.

ಕಡೆಯದು, ಸಸಿಮಡಿಯ ವಿಷಯ. ಮೊದಲ ವಾರ ಮೊಳೆತದ್ದನ್ನು ಇಟ್ಟುಕೊಂಡು ತಡವಾಗಿ ಮೊಳೆತದ್ದನ್ನು ಬಿಸಾಡುವ ಅಭ್ಯಾಸ ಇದೆ. ಮುಂಗಾರಿನ ಮೊದಲ ಮಳೆ ಬಂದು ತಿಂಗಳು ಕೈಕೊಡುವ ನಮ್ಮ ಸೀಮೆಯಲ್ಲಿ ತಡವಾಗಿ ಮೊಳೆಯುವುದು ದೋಷವಲ್ಲ. ಮೊದಲ ಮಳೆಗೆ ಎದ್ದದ್ದು ಒಣಗಿದರೆ ಎರಡನೆಯ ಮಳೆಗೆ ಏಳುವುದೇ ವಂಶ ಉಳಿಸುವುದು. ಅವನ್ನೂ ಸಾಕಿ.

ಸ್ಥಳೀಯ ಬೀಜ ಎಂದರೆ ಕಣ್ಣುಮುಚ್ಚಿ ನಮ್ಮೂರಿನದೇ ಆಗಬೇಕು ಎಂದೂ ನಾನು ಹೇಳುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ತಿರುಗಿಸಿ ಹಿತ್ತಲದ್ದು ಮಾತ್ರ ಮದ್ದು ಎಂದರೂ ತಪ್ಪಾಗುತ್ತದೆ. ನಮ್ಮಲ್ಲಿ ಒಂದು ಜಾತಿಯ ಎರಡು ಮೂರು ಮರ ಮಾತ್ರ ಉಳಿದಿದ್ದರೆ, ಮಳೆ ಮಣ್ಣು ಹೊಂದುವ ಪಕ್ಕದ ಹೋಬಳಿ, ಪಕ್ಕದ ತಾಲ್ಲೂಕಿನಿಂದ ತಂದು ಬೆರೆಸಬೇಕು. ಬಿಸಿಲು ಹೆಚ್ಚುತ್ತಿರುವ ಈ ಕಾಲದಲ್ಲಿ ನಮಗಿಂತ ಸ್ವಲ್ಪ ಒಣ ಸೀಮೆಯ ಬೀಜವನ್ನೂ ಒಂದು ಪಾಲು ಸೇರಿಸುವುದು ಒಳ್ಳೆಯದು ಎಂದು ತಜ್ಞರು ಹೇಳುತ್ತಿದ್ದಾರೆ. ಎಲ್ಲಿಂದ ತಂದೆವು ಎಂಬುದು ಮಾತ್ರ ಬರೆದಿಟ್ಟಿರಬೇಕು.

ಹಾಗೆಯೇ ಗುಡ್ಡವೆಲ್ಲ ಮರವೇ ಆಗಬೇಕಾಗಿಲ್ಲ. ತಂಗಡಿ, ಕಾರೆ, ಕವಳಿ, ಬಂದರಿಕೆಯಂಥ ಪೊದೆಗಳೂ ಕುರಿ ಮೇಯುವ ಹುಲ್ಲೂ ಅಲ್ಲಿಯವೇ. ಮರದ ನೆರಳಿಗಾಗಿ ಹುಲ್ಲನ್ನು ಕಳೆದರೆ ಕುರಿಯವರ ಹೊಟ್ಟೆಯ ಮೇಲೆ ಹೊಡೆದಂತೆ. ಎಲ್ಲಿ ಎಷ್ಟು ಮರ, ಎಲ್ಲಿ ಬರೀ ಹುಲ್ಲು ಎಂಬುದನ್ನು ಅವರನ್ನು ಕೂರಿಸಿಕೊಂಡೇ ತೀರ್ಮಾನಿಸಬೇಕು.

ಈಗ ಸಮಿತಿಯವರಲ್ಲಿ ನನ್ನ ಬಿನ್ನಹ. ಈ ಮಳೆಗಾಲಕ್ಕೆ ಸಾವಿರ ಸಸಿ ಕೊಂಡು ತರುವ ಬದಲು ಒಂದು ವರ್ಷ ತಾಳಿ. ಈ ವರ್ಷವನ್ನು ಬೀಜಕ್ಕೆ ಕೊಡಿ. ಕಮರ, ಮುತ್ತುಗ, ಹೊಂಗೆ, ಬೇವು, ನೇರಳೆ, ದಿಂಡಿಗ ಹೀಗೆ ಆರು ಜಾತಿ ಸಾಕು. ಒಂದೊಂದಕ್ಕೆ ಮೂವತ್ತು ತಾಯಿಮರ ಎಂದರೆ ನೂರ ಎಂಬತ್ತು ಮರ. ಕಮರ ಪ್ರತಿ ವರ್ಷ ಒಂದೇ ಸಮನೆ ಬೀಜ ಬಿಡುವುದಿಲ್ಲ, ಅದು ಮುಂದಿನ ವರ್ಷಕ್ಕೆ ಹೋದರೂ ಹೋಗಲಿ. ಶಾಲೆಯ ಇಕೋ ಕ್ಲಬ್ ಮಕ್ಕಳು ಮರ ಗುರುತಿಸಲಿ. ಹಿರಿಯರು ಯಾವ ಮರ ಎಲ್ಲಿದೆ ಎಂದು ತೋರಿಸಲಿ, ಆ ತಿಳಿವಳಿಕೆ ಯಾವ ಕಂಪ್ಯೂಟರಿನಲ್ಲೂ ಇಲ್ಲ. ಪ್ರತಿ ಮರದ ಜಾಗ, ಹೂ ಬಿಟ್ಟ ಕಾಲ, ಬೀಜ ಆರಿಸಿದ ದಿನ, ಮೊಳೆತ ಲೆಕ್ಕ ಇವನ್ನೆಲ್ಲ ಬರೆಯಲು ಒಂದು ದಪ್ಪ ರಿಜಿಸ್ಟರ್ ಶಾಲೆಯಲ್ಲಿರಲಿ. ಅದರ ಪ್ರತಿಯನ್ನು ಕಂಪ್ಯೂಟರಿನಲ್ಲಿ, ನಕ್ಷೆಯ ಸಮೇತ ಇಟ್ಟು ನೋಡಿಕೊಳ್ಳುವ ಕೆಲಸ ನಮ್ಮ ತಂಡದ್ದು. ಬೀಜ ಒಣಗಿಸಲು, ಸಸಿಮಡಿಗೆ ನೆರಳು ಕಟ್ಟಲು ಆಗುವ ಖರ್ಚೂ ನಮ್ಮದೇ.

ಒಂದು ವರ್ಷ ಹೆಚ್ಚಾಯಿತು ಎನಿಸಬಹುದು. ಇದರಲ್ಲಿ ಇನ್ನೊಂದು ಅವಸರ ಅಡಗಿದೆ. ಊರಿನ ಮುಂದಿನ ರಸ್ತೆ ಅಗಲವಾಗುವ ಮಾತು ಕೇಳಿದ್ದೇವೆ. ಕೆರೆ ಏರಿಯಿಂದ ಶಾಲೆಯ ಗೇಟಿನವರೆಗೆ ಇರುವ ಹಳೆಯ ಹೊಂಗೆ, ಹುಣಸೆಗಳಲ್ಲಿ ಎಷ್ಟು ಉಳಿಯುತ್ತವೋ ಗೊತ್ತಿಲ್ಲ. ಉಳಿಸಿಕೊಳ್ಳುವ ಪ್ರಯತ್ನ ಮಾಡೋಣ. ಅದು ನಮ್ಮ ಕೈಮೀರಿದರೂ ಅವುಗಳ ಬೀಜ ನಮ್ಮ ಕೈಯಲ್ಲಿದೆ. ಬೀಜ ಆರಿಸದೆ ಮರ ಉರುಳಿದರೆ, ಎಷ್ಟೋ ಬರ ದಾಟಿ ಬಂದ ಆ ಮರದ ಗುಣವೂ ಅದರ ಜೊತೆಗೇ ಹೋಗುತ್ತದೆ. ಯಾವ ನರ್ಸರಿಯಿಂದಲೂ ಅದನ್ನು ಮತ್ತೆ ಕೊಳ್ಳಲು ಆಗುವುದಿಲ್ಲ.

ನಮ್ಮ ಶಾಲೆ ಐವತ್ತು ವರ್ಷದಲ್ಲಿ ಎಲ್ಲ ಮನೆಯ ಮಕ್ಕಳನ್ನೂ ಒಂದೇ ಬೆಂಚಿನಲ್ಲಿ ಕೂರಿಸಿತು. ಗುಡ್ಡದಲ್ಲೂ ಹಾಗೆಯೇ ಹಲವು ತಾಯಿಯ ಮಕ್ಕಳು ಬೆಳೆಯಲಿ. ಶಾಲೆಗೆ ನೂರು ತುಂಬುವಾಗ ಇಲ್ಲಿ ನಿಂತು ಮಾತಾಡುವವರು ಆ ಮರಗಳದೇ ಬೀಜ ಆರಿಸುವಂತಾಗಲಿ. ಮುಂದಿನ ಭಾನುವಾರ ಬೆಳಿಗ್ಗೆ ಏಳಕ್ಕೆ ಕೆರೆ ಏರಿಯ ಹತ್ತಿರ ಮರಗಳಿಗೆ ನಂಬರ್ ಹಾಕಲು ನಾವು ಕೆಲವರು ಸೇರುತ್ತಿದ್ದೇವೆ. ಬರುವವರು ಒಂದು ಬಟ್ಟೆಯ ಚೀಲ, ಒಂದು ಪೆನ್ನು ತಂದರೆ ಸಾಕು.